ಹಳೇ ಪಂಚಾಂಗ ಹಿಡಿದು ಜ್ಯಾಂಗೋ ಕಲಿತವರ ಚರಿತ್ರೆ

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಮೂವರು ಸೇರಿ ಒಂದು ತೀರ್ಮಾನ ಮಾಡಿದೆವು. ಸಂತೆಯ ದರ, ಗ್ರಾಮಸಭೆಯ ವರದಿ, ಕೆರೆ ಹೂಳಿನ ಸುದ್ದಿ ಎಲ್ಲವೂ ಊರಿನ ಹೆಸರು ಒತ್ತಿದರೆ ಒಂದೇ ಕಡೆ ಸಿಗಬೇಕು, ಅದಕ್ಕೆ ನಾವೇ ಒಂದು ವೆಬ್‌ಸೈಟ್ ಕಟ್ಟಬೇಕು ಅಂತ. ನಾವು ಪತ್ರಿಕೋದ್ಯಮ ಓದಿದವರು, ಕಂಪ್ಯೂಟರ್ ಓದಿದವರಲ್ಲ. ಆದರೂ ಧೈರ್ಯ ಮಾಡಿ ಪೈಥಾನ್ ಭಾಷೆಯ ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕ್ ಕಲಿಯಲು ಕೂತೆವು. ಇಂಟರ್ನೆಟ್‌ನಲ್ಲಿ ಒಂದು ಪಾಠ ಸಿಕ್ಕಿತು. ಒಂದಕ್ಷರ ಬಿಡದೆ ಅದರಲ್ಲಿದ್ದ ಹಾಗೇ ಟೈಪ್ ಮಾಡಿದೆವು.

ಓಡಲಿಲ್ಲ. 'ಆನ್ ಡಿಲೀಟ್' ಎಂಬುದು ಕಡ್ಡಾಯವಾಗಿ ಇರಬೇಕು, ಅದು ಇಲ್ಲ ಎಂದು ಕೆಂಪು ಅಕ್ಷರದಲ್ಲಿ ಎರರ್ ಬಂತು. ಪಾಠದಲ್ಲಿ ಹುಡುಕಿದರೆ ಆ ಪದವೇ ಇಲ್ಲ. ಮೂರು ಸಂಜೆ ಅಲ್ಪವಿರಾಮ, ಆವರಣ ಚಿಹ್ನೆಗಳನ್ನು ಎಣಿಸುತ್ತಾ ಕೂತೆವು. ಕೊನೆಗೆ ನಮ್ಮಲ್ಲೊಬ್ಬರು "ಇದು ಇಂಜಿನಿಯರಿಂಗ್ ಓದಿದೋರ ಕೆಲಸ, ನಮ್ಮ ಕೈಲಿ ಆಗೋದಲ್ಲ ಬಿಡ್ರೋ" ಅಂತ ಲ್ಯಾಪ್‌ಟಾಪ್ ಮುಚ್ಚಿದರು.

ನಾಲ್ಕನೇ ದಿನ ಗೊತ್ತಾಯಿತು, ಆ ಪಾಠ ಬರೆದದ್ದು 2015ರಲ್ಲಿ. ಬರೆದ ದಿನ ಅದು ಸರಿಯಾಗೇ ಇತ್ತು. ಆಮೇಲೆ ಜ್ಯಾಂಗೋ ಬದಲಾಯಿತು, ಪಾಠ ಬದಲಾಗಲಿಲ್ಲ. ನಾವು ಹಳೇ ಪಂಚಾಂಗ ಹಿಡಿದುಕೊಂಡು ಈ ವರ್ಷದ ಯುಗಾದಿ ಹುಡುಕುತ್ತಿದ್ದೆವು. ಪಂಚಾಂಗಕ್ಕಾದರೆ ಮುಖಪುಟದ ಮೇಲೆ ಸಂವತ್ಸರದ ಹೆಸರು ಇರುತ್ತದೆ. ಈ ಪಾಠದ ಮೇಲೆ ತಾರೀಖೇ ಇರಲಿಲ್ಲ. ಕೆಳಗೆ ಯಾರೋ ಓದುಗರು ಹಾಕಿದ್ದ ಮಾತಿನ ತಾರೀಖು ನೋಡಿ ವರ್ಷ ಪತ್ತೆಯಾಯಿತು.

ಹೀಗೆ ಯಾಕಾಗುತ್ತದೆ ಎಂದು ಹಿಂದಕ್ಕೆ ಹುಡುಕುತ್ತಾ ಹೋದೆವು. ಹೋಗಿ ನಿಂತದ್ದು ಒಂದು ಪತ್ರಿಕೆ ಕಚೇರಿಯ ಬಾಗಿಲಲ್ಲಿ!

ಗೋಧಿ ನಾಡಿನ ಪತ್ರಿಕೆ ಕಚೇರಿ

ಅಮೆರಿಕದ ಕಾನ್ಸಾಸ್ ಗೋಧಿ ಬೆಳೆಗೆ ಹೆಸರಾದ ರಾಜ್ಯ. ಅಲ್ಲಿ ಲಾರೆನ್ಸ್ ಎಂಬ ಊರು. 2000ದ ಜನಗಣತಿಯಲ್ಲಿ ಸುಮಾರು 80 ಸಾವಿರ ಜನ. ನಮ್ಮ ದೊಡ್ಡ ತಾಲ್ಲೂಕು ಕೇಂದ್ರದಷ್ಟು ಅನ್ನಿ. ಆ ಊರಿನ ದಿನಪತ್ರಿಕೆ 'ಲಾರೆನ್ಸ್ ಜರ್ನಲ್-ವರ್ಲ್ಡ್'. ಅದರ ವೆಬ್ ವಿಭಾಗದಲ್ಲಿ 2003ರಲ್ಲಿ ಇಬ್ಬರು ಯುವಕರು ಕೂತಿದ್ದರು. ಒಬ್ಬರು ಏಡ್ರಿಯನ್ ಹೊಲೊವಾಟಿ, ಪತ್ರಿಕೋದ್ಯಮ ಓದಿ ಬಂದವರು. ಇನ್ನೊಬ್ಬರು ಸೈಮನ್ ವಿಲಿಸನ್, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಒಂದು ವರ್ಷದ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದವರು.

ಪತ್ರಿಕೆ ಕಚೇರಿ ಅಂದರೆ ಗಡುವು. ಇವತ್ತು ಸಂಪಾದಕರಿಗೆ ಏನೋ ಹೊಳೆಯುತ್ತದೆ, ಅದು ಕೆಲವೇ ದಿನಗಳಲ್ಲಿ, ಕೆಲವು ಸಲ ಕೆಲವೇ ಗಂಟೆಗಳಲ್ಲಿ ವೆಬ್‌ಸೈಟಿನಲ್ಲಿ ಬರಬೇಕು. ಪ್ರತಿ ಸಲ ಎಲ್ಲವನ್ನೂ ಮೊದಲಿಂದ ಬರೆಯುತ್ತಾ ಕೂತರೆ ಆಗುವ ಕೆಲಸವಲ್ಲ. ಅಲ್ಲಿಯವರೆಗೆ ಪಿಎಚ್‌ಪಿ ಭಾಷೆಯಲ್ಲಿ ಬರೆಯುತ್ತಿದ್ದ ಇವರು ಪೈಥಾನ್‌ಗೆ ಬಂದರು. ಯಾವ ವೆಬ್‌ಸೈಟಿಗಾದರೂ ಬೇಕಾಗುವ ಕೆಲಸಗಳನ್ನೆಲ್ಲ, ಅಂದರೆ ಸುದ್ದಿಯನ್ನು ಡೇಟಾಬೇಸ್‌ನಲ್ಲಿ ಇಡುವುದು, ಪಟ್ಟಿ ತೋರಿಸುವುದು, ವರದಿಗಾರರು ಲಾಗಿನ್ ಆಗಿ ತಿದ್ದುವ ಪುಟ ಕೊಡುವುದು, ಇಂಥವನ್ನೆಲ್ಲ ಒಮ್ಮೆ ಚೆನ್ನಾಗಿ ಬರೆದು ಮತ್ತೆ ಮತ್ತೆ ಬಳಸುವ ಹಾಗೆ ಇಟ್ಟುಕೊಂಡರು.

ಫ್ರೇಮ್‌ವರ್ಕ್ ಅಂದರೆ ಇದೇ. ಮನೆ ಕಟ್ಟುವಾಗ ಬಾಗಿಲು, ಕಿಟಕಿ, ಚೌಕಟ್ಟು ಎಲ್ಲ ಸಿದ್ಧವಾಗಿ ಬಂದಂತೆ. ಅಡುಗೆಮನೆ ಎಲ್ಲಿ, ಪಡಸಾಲೆ ಎಲ್ಲಿ ಅನ್ನುವುದಷ್ಟನ್ನು ನಾವು ಹೇಳಬೇಕು.

ಮುಂದೆ ಜೇಕಬ್ ಕಪ್ಲಾನ್-ಮಾಸ್ ಕೂಡ ಬಂದು ಸೇರಿಕೊಂಡರು. 2005ರ ಜುಲೈನಲ್ಲಿ ಪತ್ರಿಕೆ ಆ ಕೋಡನ್ನು ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟಿತು. ಹೆಸರಿಟ್ಟದ್ದು ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಅವರ ನೆನಪಿಗೆ. ಬೆಂಕಿ ಅಪಘಾತದಲ್ಲಿ ಎಡಗೈಯ ಎರಡು ಬೆರಳು ಸ್ವಾಧೀನ ತಪ್ಪಿದರೂ ತನ್ನದೇ ಪಟ್ಟು ಕಂಡುಕೊಂಡು ನುಡಿಸಿದ ಮನುಷ್ಯ ಅವರು. ಹೊಲೊವಾಟಿ ಸ್ವತಃ ಗಿಟಾರ್ ನುಡಿಸುತ್ತಾರೆ.

ಇವರಿಗೆ ಬರವಣಿಗೆ ಬರುತ್ತಿತ್ತು, ಅದು ದೊಡ್ಡ ಅನುಕೂಲವಾಯಿತು. ಕೋಡ್ ಜೊತೆಗೇ ಓದಬಹುದಾದ ಕೈಪಿಡಿಯನ್ನೂ ಬರೆದರು. ಜ್ಯಾಂಗೋ ಬೆಳೆದದ್ದಕ್ಕೆ ಅದರ ಕೈಪಿಡಿಯೂ ಒಂದು ಕಾರಣ ಎಂದು ಬಳಸಿದವರು ಇವತ್ತಿಗೂ ಹೇಳುತ್ತಾರೆ. ಜ್ಯಾಂಗೋ ಪರಿಚಯಿಸುವ ಪುಟದಲ್ಲಿ ಈಗಲೂ ಬರುವ ಉದಾಹರಣೆ ಎರಡು ಪಟ್ಟಿಗಳದ್ದು: ಒಂದು 'ವರದಿಗಾರ', ಇನ್ನೊಂದು 'ವರದಿ'. ಹುಟ್ಟಿದ ಮನೆಯ ಗುರುತು ಹಾಗೇ ಉಳಿದಿದೆ.

ಹಾಗಾದರೆ ಒಳ್ಳೆಯ ಕೈಪಿಡಿ ಇರುವ ಕಡೆಯೇ ಹೊಸಬರು ದಾರಿ ತಪ್ಪುವುದು ಹೇಗೆ?

ಪುಸ್ತಕ ಅಚ್ಚಾಗಿ ಒಂಬತ್ತು ತಿಂಗಳು

ಮೊದಲ ಏಟು ಬೇಗ ಬಿತ್ತು. ಆರಂಭದ ಜ್ಯಾಂಗೋದಲ್ಲಿ ತೆರೆಮರೆಯ ಕೈಚಳಕ ಜಾಸ್ತಿ ಇತ್ತು. ನೀವು ಒಂದು ಫೋಲ್ಡರಿನಲ್ಲಿ ಕೋಡ್ ಬರೆದರೆ ಅದು ಇನ್ನೊಂದು ವಿಳಾಸದಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಗೊತ್ತಿದ್ದವರಿಗೆ ಸುಲಭ, ಹೊಸಬರಿಗೆ ಗೊಂದಲ. ಇದನ್ನು ಕಿತ್ತುಹಾಕುವ ಕೆಲಸಕ್ಕೆ 'ಮ್ಯಾಜಿಕ್ ರಿಮೂವಲ್' ಎಂದೇ ಹೆಸರಿಟ್ಟರು. 2006ರ ಜುಲೈನಲ್ಲಿ ಬಂದ 0.95 ಆವೃತ್ತಿಯಲ್ಲಿ ಆ ಕೈಚಳಕ ಹೋಯಿತು. ಅದರ ಜೊತೆಗೆ ಮೊದಲ ಒಂದು ವರ್ಷದಲ್ಲಿ ಉತ್ಸಾಹಿಗಳು ಬರೆದಿಟ್ಟಿದ್ದ ಪಾಠಗಳೂ ಕೆಲಸಕ್ಕೆ ಬಾರದಾದವು.

ಎರಡನೆಯದು ಇನ್ನೂ ದೊಡ್ಡದು. ಹೊಲೊವಾಟಿ ಮತ್ತು ಕಪ್ಲಾನ್-ಮಾಸ್ ಸೇರಿ ಬರೆದ ಜ್ಯಾಂಗೋ ಪುಸ್ತಕ 2007ರ ಡಿಸೆಂಬರ್‌ನಲ್ಲಿ ಅಚ್ಚಾಯಿತು. ಇಂಟರ್ನೆಟ್‌ನಲ್ಲಿ ಪುಕ್ಕಟೆಯಾಗಿಯೂ ಓದಬಹುದಿತ್ತು. ಕಟ್ಟಿದವರೇ ಬರೆದ ಪುಸ್ತಕ, ಕಾಸು ಬೇಡ. ಕಲಿಯುವವರಿಗೆ ಇನ್ನೇನು ಬೇಕು? ಪುಸ್ತಕ 0.96 ಆವೃತ್ತಿಯನ್ನು ಹೇಳಿಕೊಡುತ್ತಿತ್ತು. 2008ರ ಸೆಪ್ಟೆಂಬರ್‌ನಲ್ಲಿ 1.0 ಬಂತು. ನಡುವೆ ಇದ್ದದ್ದು ಒಂಬತ್ತೇ ತಿಂಗಳು.

ಬದಲಾದದ್ದು ಮೂಲೆಯ ವಿಷಯವಾಗಿರಲಿಲ್ಲ. ಜ್ಯಾಂಗೋಗೆ ಜನ ಮರುಳಾದದ್ದೇ ಅದರ 'ಅಡ್ಮಿನ್' ಪುಟ ನೋಡಿ. ನಾಲ್ಕು ಸಾಲು ಕೋಡ್ ಬರೆದರೆ ಸುದ್ದಿ ಸೇರಿಸುವ, ತಿದ್ದುವ ಪುಟ ತಾನಾಗಿ ಸಿದ್ಧ. 0.96ರಲ್ಲಿ ಅದಕ್ಕೆ ಬೇಕಾದ ಸೂಚನೆಯನ್ನು ಪಟ್ಟಿಯ ವಿವರಣೆಯ ಒಳಗೇ ಬರೆಯಬೇಕಿತ್ತು. 1.0ರಲ್ಲಿ ಬೇರೆ ಕಡೆ ಬರೆದು ನೋಂದಾಯಿಸಬೇಕಾಯಿತು. ಹಳೇ ಪುಸ್ತಕ ನೋಡಿ ಬರೆದವರ ಪಟ್ಟಿ ಅಡ್ಮಿನ್ ಪುಟದಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಇನ್ನೊಂದು ತಮಾಷೆ. 0.96ರ ಕಾಲಕ್ಕೆ ಅರ್ಜಿ ನಮೂನೆ ತಯಾರಿಸುವ ಹಳೇ ಪದ್ಧತಿಗೆ 'ಫಾರ್ಮ್ಸ್', ಹೊಸದಕ್ಕೆ 'ನ್ಯೂಫಾರ್ಮ್ಸ್' ಎಂದು ಹೆಸರಿತ್ತು. 1.0ರಲ್ಲಿ ಹಳೆಯದು ಹೋಗಿ ಹೊಸದಕ್ಕೇ 'ಫಾರ್ಮ್ಸ್' ಎಂಬ ಹೆಸರು ಬಂತು. ಊರಿನ 'ಹೊಸ ಬಡಾವಣೆ'ಗೆ ನಲವತ್ತು ವರ್ಷವಾದರೂ ಅದೇ ಹೆಸರು ಉಳಿಯುತ್ತದೆ. ಇಲ್ಲಿ 'ಹೊಸ' ಅನ್ನುವುದು ಎರಡು ವರ್ಷವೂ ಬಾಳಲಿಲ್ಲ.

2009ರಲ್ಲಿ ಪುಸ್ತಕದ ಎರಡನೇ ಆವೃತ್ತಿ ಬಂತು. ಆದರೆ ಮೊದಲನೆಯದರ ಪ್ರತಿಗಳು ಯಾರ ಕಪಾಟಿನಿಂದಲೂ ಮಾಯವಾಗಲಿಲ್ಲ.

ಯಾರಿಗೆ ಎಚ್ಚರಿಕೆ, ಯಾರಿಗೆ ಪೆಟ್ಟು

ನ್ಯಾಯವಾಗಿ ಹೇಳಬೇಕೆಂದರೆ ಜ್ಯಾಂಗೋ ತಂಡ ಬೇಜವಾಬ್ದಾರಿ ಮಾಡಿದ್ದಲ್ಲ. 1.0ರ ಜೊತೆ ಅವರು ಮಾತು ಕೊಟ್ಟರು, ಇನ್ನು ಮುಂದೆ ಏಕಾಏಕಿ ಏನನ್ನೂ ಕಿತ್ತುಹಾಕುವುದಿಲ್ಲ ಎಂದು. ಒಂದು ವಿಧಾನ ತೆಗೆಯಬೇಕಾದರೆ ಮೊದಲು ಒಂದೆರಡು ಆವೃತ್ತಿಗಳಲ್ಲಿ 'ಇದು ಹೋಗಲಿದೆ, ಬದಲಾಯಿಸಿಕೊಳ್ಳಿ' ಎಂದು ಎಚ್ಚರಿಕೆ ತೋರಿಸುವುದು, ಆಮೇಲೆ ತೆಗೆಯುವುದು. ಏನು ಬದಲಾಯಿತು ಎಂಬುದನ್ನು ಪ್ರತಿ ಆವೃತ್ತಿಯ ಟಿಪ್ಪಣಿಯಲ್ಲಿ ಬರೆದಿಡುವುದು. ಇದನ್ನು ಅವರು ಬಹುಮಟ್ಟಿಗೆ ಪಾಲಿಸಿಕೊಂಡು ಬಂದಿದ್ದಾರೆ.

ಆದರೆ ಆ ಎಚ್ಚರಿಕೆ ಯಾರ ಕಣ್ಣಿಗೆ ಬೀಳುತ್ತದೆ? ಆಗಲೇ ಬಳಸುತ್ತಿರುವವರ ಕಣ್ಣಿಗೆ. ಎರಡು ವರ್ಷ ಆದ ಮೇಲೆ ಹಳೇ ಪಾಠ ಹಿಡಿದು ಹೊಸದಾಗಿ ಬರುವ ಹುಡುಗಿಗೆ ಎಚ್ಚರಿಕೆಯ ಕಾಲ ಮುಗಿದಿರುತ್ತದೆ. ಅವಳಿಗೆ ನೇರ ಎರರ್. ರಸ್ತೆ ಮುಚ್ಚುವ ಮೊದಲು ಆರು ತಿಂಗಳು ಫಲಕ ಹಾಕಿ, ಮುಚ್ಚಿದ ದಿನ ಫಲಕ ಕಿತ್ತುಕೊಂಡು ಹೋದ ಹಾಗೆ.

ನಮ್ಮನ್ನು ಮೂರು ಸಂಜೆ ಕಾಡಿದ 'ಆನ್ ಡಿಲೀಟ್' ಕಥೆಯನ್ನೇ ನೋಡಿ. ಒಬ್ಬ ವರದಿಗಾರ, ಅವನು ಬರೆದ ನೂರು ವರದಿ. ಎರಡು ಪಟ್ಟಿಗೂ ನಂಟು ಹಾಕಿರುತ್ತೇವೆ. ಆ ವರದಿಗಾರ ಕೆಲಸ ಬಿಟ್ಟ ಎಂದು ಪಟ್ಟಿಯಿಂದ ಅವನ ಹೆಸರು ಅಳಿಸಿದರೆ ನೂರು ವರದಿ ಏನಾಗಬೇಕು? ಹಳೇ ಜ್ಯಾಂಗೋ ನಾವು ಏನೂ ಹೇಳದಿದ್ದರೆ ವರದಿಗಳನ್ನೂ ಜೊತೆಗೇ ಅಳಿಸಿಬಿಡುತ್ತಿತ್ತು. 2011ರಲ್ಲಿ ಬಂದ 1.3 ಆವೃತ್ತಿಯಿಂದ 'ಆನ್ ಡಿಲೀಟ್' ಬರೆದು ಬೇರೆ ದಾರಿ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. 2015ರ ಡಿಸೆಂಬರ್‌ನಲ್ಲಿ ಬಂದ 1.9ರಿಂದ, ಬರೆಯದಿದ್ದರೆ ಎಚ್ಚರಿಕೆ. 2017ರ ಡಿಸೆಂಬರ್‌ನಲ್ಲಿ ಬಂದ 2.0ರಿಂದ ಕಡ್ಡಾಯ.

ಪತ್ರಿಕೆಯವರಾಗಿ ನೋಡಿದರೆ ಈ ಬದಲಾವಣೆ ನಮ್ಮ ಒಳ್ಳೆಯದಕ್ಕೇ ಆದದ್ದು. ಒಬ್ಬರ ಹೆಸರು ಅಳಿಸಿ ಹತ್ತು ವರ್ಷದ ಸುದ್ದಿ ಕಳೆದುಕೊಂಡರೆ ತಂದುಕೊಡುವವರು ಯಾರು? ಆದರೆ ಆ ಒಳ್ಳೆಯದನ್ನು ಮಾಡಿದ ಸಾಲೇ ನಮಗೆ ಎರರ್ ಆಗಿ ಎದುರಾಯಿತು. ಯಾಕೆ ಎಂದು ಹೇಳುವವರು ಪಕ್ಕದಲ್ಲಿ ಇರಲಿಲ್ಲ.

ಇಂಥವು ಇನ್ನೂ ಇವೆ. ಡೇಟಾಬೇಸ್ ಸಿದ್ಧ ಮಾಡಲು ಹಳೇ ಪಾಠಗಳು 'ಸಿಂಕ್‌ಡಿಬಿ' ಎಂಬ ಆಜ್ಞೆ ಕೊಡಿ ಎನ್ನುತ್ತವೆ. ಆ ಆಜ್ಞೆಗೆ ಹೊಸ ಪಟ್ಟಿ ಮಾಡಲು ಬರುತ್ತಿತ್ತು, ಇದ್ದ ಪಟ್ಟಿಗೆ ಒಂದು ಕಾಲಂ ಸೇರಿಸಲು ಬರುತ್ತಿರಲಿಲ್ಲ. ಹಾಗಾಗಿ 2014ರ ಸೆಪ್ಟೆಂಬರ್‌ನಲ್ಲಿ ಬಂದ 1.7ರಲ್ಲಿ 'ಮೈಗ್ರೇಟ್' ಬಂತು. 1.9ರಲ್ಲಿ 'ಸಿಂಕ್‌ಡಿಬಿ' ಹೊರಟುಹೋಯಿತು.

ಪುಟದ ವಿಳಾಸ ಬರೆಯುವ ರೀತಿಯೂ ಬದಲಾಯಿತು. ಮೊದಲು ವಿಚಿತ್ರ ಚಿಹ್ನೆಗಳ ಸಾಲೊಂದನ್ನು ಬರೆಯಬೇಕಿತ್ತು. 2.0ರಲ್ಲಿ 'ಪಾತ್' ಎಂಬ ಸರಳ ರೀತಿ ಬಂತು. ಹಳೇ 'ಯುಆರ್‌ಎಲ್' ರೀತಿ 2021ರ ಡಿಸೆಂಬರ್‌ನಲ್ಲಿ ಬಂದ 4.0ರಲ್ಲಿ ಪೂರ್ತಿ ಹೋಯಿತು.

ಇದೆಲ್ಲದರ ಅಡಿಯಲ್ಲಿ ನೆಲವೇ ಕದಲುತ್ತಿತ್ತು. ಪೈಥಾನ್ ಭಾಷೆಯ 3ನೇ ಆವೃತ್ತಿ 2008ರ ಕೊನೆಗೆ ಬಂತು. ಎರಡನೆಯದು ಅಧಿಕೃತವಾಗಿ ಕಣ್ಣುಮುಚ್ಚಿದ್ದು 2020ರ ಜನವರಿ 1ರಂದು. ನಡುವಿನ ಹನ್ನೊಂದು ವರ್ಷ ಎರಡೂ ಜೊತೆಗಿದ್ದವು. ಪರದೆಯ ಮೇಲೆ ಒಂದು ಪದ ಮೂಡಿಸುವ 'ಪ್ರಿಂಟ್' ಎಂಬ ಮೊದಲ ಪಾಠವನ್ನೇ ಎರಡರಲ್ಲಿ ಎರಡು ಥರ ಬರೆಯಬೇಕು. ಎರಡನೆಯದರ ಪಾಠ ಹಿಡಿದು ಮೂರನೆಯದರಲ್ಲಿ ಬರೆದವರು ಮೊದಲ ಸಾಲಿನಲ್ಲೇ ಎಡವಿದರು.

ಹಳೇ ಪಾಠ ಯಾಕೆ ಸಾಯುವುದಿಲ್ಲ

ಪಂಚಾಂಗ ಹಳತಾದರೆ ಗೂಡಂಗಡಿಯಲ್ಲಿ ಪೊಟ್ಟಣ ಕಟ್ಟಲು ಹೋಗುತ್ತದೆ. ಇಂಟರ್ನೆಟ್‌ನ ಪಾಠಕ್ಕೆ ಆ ಗತಿ ಇಲ್ಲ. ಬದಲಿಗೆ ಹಳತಾದಷ್ಟೂ ಅದಕ್ಕೆ ಮರ್ಯಾದೆ ಜಾಸ್ತಿ. ಹತ್ತು ವರ್ಷದಿಂದ ಜನ ಅದರ ವಿಳಾಸ ಕೊಡುತ್ತಾ ಬಂದಿರುತ್ತಾರೆ, ಹಾಗಾಗಿ ಹುಡುಕಿದಾಗ ಅದೇ ಮೇಲೆ ಬರುತ್ತದೆ. ನಿನ್ನೆ ಬರೆದ ಸರಿಯಾದ ಪಾಠ ಕೆಳಗೆಲ್ಲೋ ಇರುತ್ತದೆ. ವಿಡಿಯೊ ಪಾಠವಂತೂ ತಿದ್ದಲು ಬರುವುದೇ ಇಲ್ಲ, ಪೂರ್ತಿ ಮತ್ತೆ ಮಾಡಬೇಕು. ಬರೆದವರು ಆಮೇಲೆ ಕೆಲಸ ಸಿಕ್ಕಿ, ಸಂಸಾರ ಹೂಡಿ, ಆ ಕಡೆ ತಿರುಗಿ ನೋಡಿರುವುದಿಲ್ಲ. ಪುಕ್ಕಟೆ ಪಾಠ ಬರೆದವರನ್ನು ಅದಕ್ಕಾಗಿ ಬೈಯುವುದೂ ಸರಿಯಲ್ಲ.

ಜ್ಯಾಂಗೋದವರು ತಮ್ಮ ಮನೆಯ ಕೈಪಿಡಿಗೆ ಇದಕ್ಕೊಂದು ಮದ್ದು ಮಾಡಿದರು. ಪ್ರತಿ ಆವೃತ್ತಿಗೂ ಬೇರೆ ಕೈಪಿಡಿ, ಪುಟದಲ್ಲಿ ಆವೃತ್ತಿ ಬದಲಿಸುವ ಗುಂಡಿ. ನೀವು ಬೆಂಬಲ ಮುಗಿದ ಆವೃತ್ತಿಯ ಕೈಪಿಡಿ ತೆರೆದರೆ, ಇದು ಸುರಕ್ಷಿತವಲ್ಲದ ಹಳೇ ಆವೃತ್ತಿಯದ್ದು, ಹೊಸದಕ್ಕೆ ಹೋಗಿ ಎಂದು ಮೇಲೆಯೇ ಪಟ್ಟಿ ಕಾಣಿಸುತ್ತದೆ.

ಇನ್ನೊಂದು ಪ್ರಯತ್ನ ಕೈಪಿಡಿಯ ಹೊರಗೆ ನಡೆಯಿತು. 2014ರ ಜುಲೈನಲ್ಲಿ ಬರ್ಲಿನ್‌ನಲ್ಲಿ ಓಲಾ ಸಿಟಾರ್ಸ್ಕಾ ಮತ್ತು ಓಲಾ ಸೆಂಡೆಟ್ಸ್ಕಾ ಎಂಬ ಇಬ್ಬರು ಮಹಿಳೆಯರು 'ಜ್ಯಾಂಗೋ ಗರ್ಲ್ಸ್' ಎಂಬ ಕಲಿಕಾ ಶಿಬಿರ ಶುರು ಮಾಡಿದರು. ಕಂಪ್ಯೂಟರ್ ಭಾಷೆ ಮುಟ್ಟದ ಹೆಣ್ಣುಮಕ್ಕಳಿಗೆ ಮೊದಲಿಂದ ಹೇಳಿಕೊಡುವುದು ಉದ್ದೇಶ. ಅದಕ್ಕಾಗಿ ಬರೆದ ಪಾಠವನ್ನು ಯಾರು ಬೇಕಾದರೂ ತಿದ್ದುಪಡಿ ಕಳಿಸುವ ಹಾಗೆ ತೆರೆದಿಟ್ಟರು. ಶಿಬಿರದಲ್ಲಿ ಕೂತ ಹುಡುಗಿಗೆ ಒಂದು ಸಾಲು ಓಡದಿದ್ದರೆ ಆ ಸಾಲನ್ನು ಯಾರೋ ಸರಿಮಾಡುತ್ತಾರೆ. ಪಾಠ ಬದುಕಿರಬೇಕಾದರೆ ಅದನ್ನು ಹಿಡಿದು ಕಲಿಯುವವರೂ ತಿದ್ದುವವರೂ ಇರಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ನಮ್ಮ ಕಡೆ ಇದು ಜಾಸ್ತಿ ನೋಯಿಸುತ್ತದೆ

ಕರ್ನಾಟಕಕ್ಕೆ ಪೈಥಾನ್ ಹೊಸದಲ್ಲ. ಪೈಥಾನ್ ಬಳಸುವವರ ರಾಷ್ಟ್ರಮಟ್ಟದ ಸಮ್ಮೇಳನ 'ಪೈಕಾನ್ ಇಂಡಿಯಾ' ಮೊದಲು ನಡೆದದ್ದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 2009ರ ಸೆಪ್ಟೆಂಬರ್‌ನಲ್ಲಿ. ಜ್ಯಾಂಗೋಗೆ ಕನ್ನಡವೂ ಹೊಸದಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಜಾಗಕ್ಕೆ ಕನ್ನಡದ ಗುರುತು ಬರೆದರೆ ಅಡ್ಮಿನ್ ಪುಟ ಕನ್ನಡದಲ್ಲಿ ಮಾತಾಡುತ್ತದೆ. ಅಷ್ಟಿಷ್ಟು ಇಂಗ್ಲಿಷ್ ಉಳಿದಿದೆ, ಆದರೂ ಮೊದಲ ಸಲ ನೋಡಿದಾಗ ನಮಗೆ ಖುಷಿಯಾಯಿತು. ಯಾರೋ ಕನ್ನಡದವರು ಕೂತು ಆ ಪದಗಳನ್ನು ಕನ್ನಡಕ್ಕೆ ತಂದಿದ್ದಾರೆ.

ಕೈಪಿಡಿ ಮಾತ್ರ ಕನ್ನಡದಲ್ಲಿಲ್ಲ. ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವುದೇ ಒಂದು ಹೊರೆ. ಅದರ ಮೇಲೆ ಎರರ್ ಬಂದರೆ ನಮ್ಮವರಿಗೆ ಮೊದಲು ಬರುವ ಅನುಮಾನ ತಮ್ಮ ಇಂಗ್ಲಿಷಿನ ಮೇಲೆ. 'ನಾನೇ ಏನೋ ತಪ್ಪು ಓದಿದೆ' ಅಂತ. ಪಾಠ ಹಳೆಯದಿರಬಹುದು ಅನ್ನುವುದು ತಲೆಗೇ ಬರುವುದಿಲ್ಲ. ಯಾಕೆಂದರೆ ಅಚ್ಚಿನಲ್ಲಿ ಇದ್ದದ್ದು ಸರಿ ಎಂದು ನಂಬಿ ಬೆಳೆದವರು ನಾವು.

ಪಟ್ಟಣದ ಕಂಪನಿಯಲ್ಲಿ ಕೂತವರಿಗೆ ಪಕ್ಕದ ಕುರ್ಚಿಯವರು "ಅಯ್ಯೋ, ಅದು ಹಳೇದು, ಈಗ ಹೀಗೆ ಬರಿಬೇಕು" ಎಂದು ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಹಳ್ಳಿಯಲ್ಲಿ, ಫೋನಿನ ಡೇಟಾ ಹಂಚಿಕೊಂಡು, ರಾತ್ರಿ ಕರೆಂಟ್ ಇದ್ದಾಗ ಕಲಿಯುವವರಿಗೆ ಆ ಅರ್ಧ ನಿಮಿಷ ಸಿಗುವುದಿಲ್ಲ. ಹಾಗಾಗಿ ಒಂದೇ ಒಂದು ಸಾಲು ಮೂರು ಸಂಜೆ ತಿನ್ನುತ್ತದೆ. ಎಷ್ಟೋ ಜನರಿಗೆ ನಾಲ್ಕನೇ ದಿನ ಬರುವುದೇ ಇಲ್ಲ. ಅವರು 'ನನಗೆ ತಲೆ ಇಲ್ಲ' ಎಂದುಕೊಂಡು ಬಿಟ್ಟುಬಿಡುತ್ತಾರೆ. ನಾವೂ ಮೂರನೇ ಸಂಜೆ ಅಲ್ಲಿಗೇ ಬಂದಿದ್ದೆವು.

ನಾವು ಈಗ ಮಾಡುವುದು

ಕಲಿಯಲು ಹೊರಟವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಇಷ್ಟು ಹೇಳಿ.

ಪಾಠ ಶುರುಮಾಡುವ ಮೊದಲು ಅದು ಯಾವ ವರ್ಷದ್ದು, ಜ್ಯಾಂಗೋದ ಯಾವ ಆವೃತ್ತಿಯದ್ದು ಎಂದು ಹುಡುಕಬೇಕು. ನಮ್ಮ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆ ಎಂದೂ ನೋಡಬೇಕು. ಎರಡೂ ಹೊಂದದಿದ್ದರೆ ಅಲ್ಲೇ ನಿಲ್ಲಬೇಕು. ಆದಷ್ಟು ಮಟ್ಟಿಗೆ ಅಧಿಕೃತ ಕೈಪಿಡಿಯನ್ನೇ, ನಮ್ಮಲ್ಲಿರುವ ಆವೃತ್ತಿಯನ್ನು ಆರಿಸಿಕೊಂಡು ಓದಬೇಕು. ಹಳೇ ಪಾಠವೇ ಬೇಕು ಅನ್ನಿಸಿದರೆ ಆ ಪಾಠದ ಕಾಲದ ಜ್ಯಾಂಗೋವನ್ನೇ ಹಾಕಿಕೊಂಡು ಕಲಿಯಬಹುದು, ಕೆಲವು ಸಲ ಅದಕ್ಕೆ ಹಳೇ ಪೈಥಾನ್ ಕೂಡ ಬೇಕಾಗುತ್ತದೆ. ಕಲಿಕೆಗೆ ಮಾತ್ರ. ಹಳೇ ಆವೃತ್ತಿಗೆ ಸುರಕ್ಷತೆಯ ತಿದ್ದುಪಡಿ ನಿಂತಿರುವುದರಿಂದ ಅದರಲ್ಲಿ ಊರಿಗೆಲ್ಲ ಕಾಣುವ ಸೈಟ್ ನಡೆಸಬಾರದು. ಎರರ್ ಬಂದಾಗ ಕೊನೆಯ ಸಾಲನ್ನು ಮೊದಲು ಓದಬೇಕು, ಆ ಪದ ಆವೃತ್ತಿ ಟಿಪ್ಪಣಿಗಳಲ್ಲಿ ಇದೆಯೇ ಎಂದು ಹುಡುಕಬೇಕು. 'ಆನ್ ಡಿಲೀಟ್' ನಮಗೆ ಸಿಕ್ಕಿದ್ದು ಅಲ್ಲೇ, 2.0ರ ಟಿಪ್ಪಣಿಯಲ್ಲಿ.

ನಮ್ಮ ಕಸುಬಿಗೂ ಇಲ್ಲೊಂದು ಮಾತಿದೆ. ಪತ್ರಿಕೆಯ ಪ್ರತಿ ಪುಟದ ತಲೆಯ ಮೇಲೆ ತಾರೀಖು ಇರುತ್ತದೆ. ತಾರೀಖಿಲ್ಲದ ಸುದ್ದಿಯನ್ನು ನಮ್ಮ ಮೇಷ್ಟ್ರು ಸುದ್ದಿ ಅಂತಲೇ ಒಪ್ಪುತ್ತಿರಲಿಲ್ಲ. ಪತ್ರಿಕೆ ಕಚೇರಿಯಲ್ಲಿ ಹುಟ್ಟಿದ ಜ್ಯಾಂಗೋ ತನ್ನ ಕೈಪಿಡಿಗೆ ಆವೃತ್ತಿಯ ಗುರುತು ಹಾಕಿಕೊಂಡಿತು. ಅದನ್ನು ಕಲಿಸಿದ ಎಷ್ಟೋ ಪಾಠಗಳು ಹಾಕಿಕೊಳ್ಳಲಿಲ್ಲ. ಸರ್ಕಾರಿ ಯೋಜನೆಗೆ ಅರ್ಜಿ ಹಾಕುವುದು ಹೇಗೆ, ಪಹಣಿ ತೆಗೆಯುವುದು ಹೇಗೆ ಎಂದು ಬರೆಯುವ ನಾವೂ ಇದೇ ತಪ್ಪು ಮಾಡುತ್ತೇವೆ. ನಿಯಮ ಬದಲಾದ ಮೇಲೂ ನಮ್ಮ ಬರಹ ಫೋನಿನಿಂದ ಫೋನಿಗೆ ಓಡಾಡುತ್ತಿರುತ್ತದೆ, ಅದನ್ನು ನಂಬಿ ಯಾರೋ ಒಬ್ಬರು ಬಸ್ ಚಾರ್ಜ್ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಬರಿಗೈಲಿ ಬರುತ್ತಾರೆ.

ನಮ್ಮ ಸೈಟ್ ಇನ್ನೂ ಅರ್ಧ ಆಗಿದೆ. ಸಂತೆ ದರದ ಪುಟ ಓಡುತ್ತಿದೆ, ಗ್ರಾಮಸಭೆಯದು ಬಾಕಿ. ಲ್ಯಾಪ್‌ಟಾಪ್ ಮುಚ್ಚಿದ್ದವರೇ ಈಗ ಅದರ ಅಡ್ಮಿನ್ ಪುಟ ನೋಡಿಕೊಳ್ಳುತ್ತಿದ್ದಾರೆ. ನಾವು ಕಲಿತದ್ದನ್ನೆಲ್ಲ ಕನ್ನಡದಲ್ಲಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ, ಮುಂದೆ ಬರುವವರಿಗೆ ಇರಲಿ ಅಂತ. ಪ್ರತಿ ಪಾಠದ ಮೊದಲ ಸಾಲಿನಲ್ಲಿ ತಾರೀಖು, ಎರಡನೇ ಸಾಲಿನಲ್ಲಿ ಆವೃತ್ತಿ. ಮೂರನೇ ಸಾಲಿನಲ್ಲಿ ಹೀಗೆ ಬರೆದಿದ್ದೇವೆ: "ಇದು ಓಡದಿದ್ದರೆ ತಪ್ಪು ನಿಮ್ಮದಲ್ಲದೆಯೂ ಇರಬಹುದು. ಮೊದಲು ಮೇಲಿನ ಎರಡು ಸಾಲು ನೋಡಿ."